ಬಾಜೂ ಮನಿಯ ಬೆರಳುದ್ದದ ದಂಡು

ಸ್ವಲ್ಪ ಹತ್ತಿರ ಬರ್ರಿ. ಇನ್ನೂ ಹತ್ತಿರ. ಈಗ ಹೇಳೋದು ನಿಮ್ಮ ಹೊಟ್ಟಿಯೊಳಗ ಇರಬೇಕು, ಆಣಿ ಮಾಡ್ರಿ. ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಭಜನಿ ಮಂಡಳಿಯವರನ್ನ ಬಿಟ್ರ, ಹಾಲಿನವನ್ನ ಬಿಟ್ರ. ನಾದಿನಿಗೆ ಫೋನಿನ್ಯಾಗ ಅಂದದ್ದು ಲೆಕ್ಕಕ್ಕಿಲ್ಲ, ಆಕಿಗೆ ಕಿವಿ ಮಂದ. ನಾ ಏನು ಮಂದಿ ಮನ್ಯಾಗ ಹಣಿಕಿ ಹಾಕಾಕಿ ಅಲ್ಲ. ಆದ್ರ ಈ ಮರಾಠಿ ಊರಿನ ಪ್ರತಾಪ ನಗರದಾಗ ನಮ್ಮ ಅಡಿಗಿಮನಿ ಕಿಟಕಿ ಎದುರಿಗೇ ಅವರ ಬಾಲ್ಕನಿ ಕಟ್ಟಿದವರು ಯಾರು? ನಾನೇನು? ಹಿಂಗಾಗಿ ಇಂಥವು ನನ್ನ ಕಣ್ಣ ಮುಂದ ಆಗ್ತಾನೇ ಇರ್ತಾವ.

ಕುದುರಿ ಹುಬ್ಬು

ಬಾಜೂ ಮನ್ಯಾಗ ಹುಬ್ಬಳ್ಳಿ ಕಡಿ ಗಂಡ-ಹೆಂಡ್ತಿ. ಆಕಿ ಊರ ಹೊರಗ ಕಂಪನಿಗಳು ತುಂಬಿದ ಮಿಹಾನ್‌ದಾಗ ಕಂಪನಿ ಕೆಲಸಕ್ಕ ಹೋಗ್ತಾಳ. ಮುಂಜಾನೆ ಕ್ಯಾಬ್ ಒಯ್ತೈತಿ, ಸಂಜಿಗೆ ತಂದು ಬಿಡ್ತೈತಿ. ಅವ ಮನ್ಯಾಗ ಕುಂತು ಕೆಲಸ ಮಾಡ್ತಾನಂತ. ಎಂಥಾ ಕೆಲಸ ಅನ್ನೋದನ್ನ ನಾ ಕಣ್ಣಾರೆ ನೋಡೀನಿ. ಮೀಸಿ ಬಂದ ಗಂಡಸು, ಹಣಿಗೆ ಭೂತಗನ್ನಡಿ ಕಟ್ಕೊಂಡು ಬೆರಳುದ್ದದ ಗೊಂಬಿಗೆ ಬಣ್ಣ ಹಚ್ಚಾಕತ್ತಿದ್ದ.

"ಏನಪಾ ಅದು?" ಅಂದೆ.

"ದಂಡಿನ ಕುದುರಿ, ಅಜ್ಜಿ. ಹುಬ್ಬು ತಿದ್ದಾಕತ್ತೀನಿ. ಮಕ್ಕಳಿಗೆ ಆಟ ಕಲಸಬೇಕು."

ಬಾಲ್ಕನಿ ಗ್ರಿಲ್ಲು ತುಕ್ಕು ಹಿಡದು ಉದರಾಕತ್ತೈತಿ, ಕುದುರಿ ಹುಬ್ಬಿಗೆ ಬಣ್ಣ!

ಆಟ ಅಂದ್ರ ಹಿಂಗ್ರಿ: ಟೇಬಲ್ ಮ್ಯಾಲ ಥರ್ಮಾಕೋಲ್ ಗುಡ್ಡ, ಒಂದು ಹೊಳಿ, ಆ ಕಡಿ ಒಂದು ದಂಡು, ಈ ಕಡಿ ಒಂದು. ದಾಳ ಉರುಳಿಸೋದು, ಟೇಪು ಹಿಡದು ಅಳದು ಸಿಪಾಯಿನ್ನ ಸರಿಸೋದು, ಹೊಡ್ಯೋದು. ನಮ್ಮ ಪಗಡಿ ಇದ್ದಂಗ, ಕೈಕಾಲು ಬಂದದ್ದು. ಮಗಳು ಸಾಲಿಗೆ ಹೋಗ್ತಾಳ, ಮಗ ಇನ್ನೂ ತೊದಲ್ತಾನ. ಹಾಲಿನ ಬಟ್ಟಲಕ್ಕ ಹೊಡದಾಡೋ ಕೂಸುಗಳಿಗೆ ಅಪ್ಪ ಯುದ್ಧ ಕಲಸ್ತಾನಂತ!

ದೀಪಾವಳಿಗೆ ಮನಿ ಝಾಡಸಾಕ ನಿಂತ ಹೆಂಡ್ತಿ ಖಡಕ್ ಆಗಿ ಅಂದ್ಲು (ಗಂಡನ್ನ ಏಕವಚನದಾಗ ಕರೀತಾಳ, ಇರ್ಲಿ, ಕಾಲ ಹಂಗೈತಿ): "ಹಬ್ಬದ ತನಕ ನೋಡ್ತೀನಿ. ಇಬ್ಬರೂ ಜಗಳಾಡಲಾರದ ಆಡಿದ್ರ ನಿನ್ನ ಗೊಂಬಿ ಡಬ್ಬಿ ಮನ್ಯಾಗ ಇರ್ತೈತಿ. ಒಂದ ಒಂದು ಸಲ ಹೊಡದಾಡಿದ್ರೂ ರದ್ದಿ ಒಯ್ಯೋ ಕಬಾಡಿಯವನ ಗಾಡ್ಯಾಗ."

"ನೀ ಆಫೀಸಿನ್ಯಾಗ ಇರ್ತಿ, ನಿನಗ ಹೆಂಗ ಗೊತ್ತಾಕೈತಿ?" ಅಂದ ಅವ.

ಆಕಿ ನಮ್ಮ ಕಿಟಕಿ ಕಡಿ ಗದ್ದ ಎತ್ತಿದ್ಲು. "ಅಜ್ಜಿ ಅದಾರಲ್ಲ. ಕರೆಂಟ್ ಹೋದ್ರ ಕ್ಯಾಮರಾ ಬಂದ್ ಆಕೈತಿ, ಅಜ್ಜಿ ಆಗಂಗಿಲ್ಲ."

ಯಾರಿಗೆ ಯಾರು ಕಾಣ್ತಾರ

ಆ ಆಟಕ್ಕ ಒಂದು ಕಾಯ್ದೆ ಐತಿ. ಸಿಪಾಯಿಗೆ ವೈರಿ ಕಂಡ್ರ ಮಾತ್ರ ಬಾಣ ಬಿಡಬೇಕು. ಕಾಣ್ತಾನೋ ಇಲ್ಲೋ ಅಂತ ಟೇಬಲ್‌ಗೆ ಗಲ್ಲ ಹಚ್ಚಿ, ಸಿಪಾಯಿ ಕಣ್ಣಿನ ಮಟ್ಟಕ್ಕ ಬಗ್ಗಿ ನೋಡಬೇಕು. ಹುಡುಗಿ ಒಂದು ಕಣ್ಣು ಮುಚ್ಚಿ ಬಾಳ ಹೊತ್ತು ನೋಡಿದ್ಲು. ನಾ ಕಿಟಕ್ಯಾಗ ಮೆಂತೆ ಪಲ್ಯ ಸೋಸಾಕತ್ತಿದ್ದೆ, ಅಷ್ಟ.

"ಅಪ್ಪಾ, ಇವನಿಗೆ ವೈರಿ ಕಾಣಂಗಿಲ್ಲ, ಗುಡ್ಡ ಅಡ್ಡ ಬರ್ತೈತಿ. ಆದ್ರ ಅಜ್ಜಿ ಬರೋಬರ್ ಕಾಣ್ತಾರ."

"ಅಜ್ಜಿಗೆ ಬಾಣ ಬಿಡಬಾರದು."

"ಅಜ್ಜಿಗೆ ನಾವು ಕಾಣ್ತೀವೇನು?"

"ಅವರಿಗೆ ಯಾವ ಗುಡ್ಡಾನೂ ಅಡ್ಡ ಬರಂಗಿಲ್ಲ ಪುಟ್ಟಿ."

ನಾ ಸಿಟ್ಟೀಲೆ ಪರದೆ ಎಳದೆ. ಪರದೆ ತೆಳ್ಳಗೈತಿ, ಆ ಮಾತು ಬ್ಯಾರೆ.

ಸಂಜಿಗೆ ಆಕಿ ಕ್ಯಾಬ್ ಇಳಿದು ಗೇಟಿನ್ಯಾಗ ದಿನಾ ಕೇಳಾಕಿ, "ಇವತ್ತ ಜಗಳ ಆತೇನ್ರಿ ಅಜ್ಜಿ?" "ಜಗಳ ಇಲ್ಲ ತಾಯಿ," ಅಂತ ನಾ ನಿಜಾನ ಹೇಳತಿದ್ದೆ. ಆಮ್ಯಾಲೆ ಮಧ್ಯಾಹ್ನ ಬಿಸ್ಕೀಟು ತಿನಿಸಿದ್ದು, ಹುಡುಗಿ ತಲಿ ಬಾಚಲಾರದ ಬಿಟ್ಟದ್ದು, ಅವ ಹರಕು ಬನಿಯನ್‌ದಾಗ ಕೊರಿಯರ್ ತಗೊಂಡದ್ದು, ಎಲ್ಲಾನೂ ಹೇಳತಿದ್ದೆ. ಪಾಪ, ಆಕಿ ಚಪ್ಪಲಿ ಬಿಡೋದ್ರಾಗ ದೀಪ ಹಚ್ಚೋ ಹೊತ್ತಾಗತಿತ್ತು.

ಮಲಗಿದ ಸಿಪಾಯಿ

ಒಂದು ಮಧ್ಯಾಹ್ನದ್ದು ನೆನಸಿದ್ರ ಈಗೂ ಕಣ್ಣು ಜೋಲ್ತಾವ. ಮಳಿಗಾಲ ಮುಗದ ಮ್ಯಾಲ ಬರೋ ಆ ಬಿಸಿಲು, ಕೂಲರ್ ಒಂದ ಸವನ ಗುಂಯ್ ಅಂತಿತ್ತು, ಸುಲದಿಟ್ಟ ಕಿತ್ತಳಿ ಹಣ್ಣಿನ ವಾಸನಿ ಗ್ರಿಲ್ ದಾಟಿ ನಮ್ಮನಿ ತನಕ ಬರ್ತಿತ್ತು. ಸಣ್ಣಾವನ ಸಿಪಾಯಿ ಒಬ್ಬ ಸೋತ.

"ಅವನ್ನ ಮಲಗಸು," ಅಂದ ಅಪ್ಪ.

ಕೂಸು ಅವನ್ನ ಮಲಗಿಸಿ, ಕರವಸ್ತ್ರ ಹೊಚ್ಚಿ, ತಟ್ಟಿ, ಜೋ ಜೋ ಅನ್ನಾಕತ್ತಿತು. ಅಕ್ಕ ದಾಳ ಉರುಳಸಾಕ ಹೋದ್ಲು.

"ಶ್! ಮಲಗ್ಯಾನ!"

ಮುಗೀತು, ಯುದ್ಧ ನಿಂತಿತು. ವೈರಿ ದಂಡು ಸುದ್ದಾ ಪಿಸುಮಾತಿಗೆ ಬಂತು. ಅಕ್ಕ ಕುದುರೆಗಳನ್ನ ತುದಿಗಾಲಿನ ಮ್ಯಾಲ ನಡಿಸಿದ್ಲು. ನನಗೂ ಜೊಂಪು ಹತ್ತಿತೋ ಏನೋ, ಆ ಕುದುರೆಗಳು ಹೊಳಿ ದಾಟಿ, ಗ್ರಿಲ್ ನುಸುಳಿ, ನಮ್ಮ ತುಳಸಿಕಟ್ಟಿ ಸುತ್ತ ಸಪ್ಪಳಿಲ್ಲದ ಓಡಾಡಿದಂಗ ಕಂಡಿತು. ಕಣ್ಣು ತೆರದ್ರ ಅಪ್ಪ ಗುಡ್ಡದ ಬುಡಕ್ಕ ತಲಿ ಇಟ್ಟು ಬಿದ್ದಾನ!

"ಅಯ್ಯ, ಏನಾತವಾ?" ಅಂದೆ.

ಹುಡುಗಿ ತುಟಿ ಮ್ಯಾಲ ಬೆರಳಿಟ್ಟು ಅಂದ್ಲು, "ಅಪ್ಪಾನೂ ಸೋತ."

ಕರವಸ್ತ್ರ ಸಾಲಲಾರದ ಸಣ್ಣಾವ ಮೀಸಿಗಷ್ಟ ಹೊಚ್ಚಿದ್ದ.

ಕಿಲ್ಲಾ ಬಿತ್ತು

ಈ ಊರಾಗ ದೀಪಾವಳಿಗೆ ಹುಡುಗರು ಅಂಗಳದಾಗ ಮಣ್ಣಿನ ಕಿಲ್ಲಾ ಕಟ್ಟಿ, ಅದರ ಮ್ಯಾಲ ಮಣ್ಣಿನ ಸಿಪಾಯಿಗಳನ್ನ ನಿಲ್ಲಸ್ತಾರ. ಹಬ್ಬದ ಹಿಂದಿನ ದಿನ ಈ ಅಪ್ಪಾನೂ ಕಟ್ಟಿಸಿ ತನ್ನ ದಂಡನ್ನ ಅಲ್ಲೇ ಇಳಿಸಿದ. ಕಡೀ ಆಟ, ಇದೊಂದು ದಾಟಿದ್ರ ಡಬ್ಬಿ ಉಳೀತು. ಕಿಲ್ಲಾದೊಳಗ ಮಗನ ದಂಡು, ಹೊರಗ ಮಗಳದು.

ದಾಳ ಬಿತ್ತು. "ಕಿಲ್ಲಾ ನಂದು!" ಅಂತ ಕುಣದ್ಲು ಹುಡುಗಿ.

ಸಣ್ಣಾವ ಎದ್ದ, ನಡದ, ಕಿಲ್ಲಾದ ಮ್ಯಾಲ ಕುಂತ. ಬುರುಜು, ದರವಾಜಿ, ಎರಡೂ ದಂಡು ಅವನ ಚಡ್ಡಿ ಕೆಳಗ. ಅಕ್ಕ ಅವನ ಕೂದಲ ಹಿಡದ್ಲು, ಅವ ಆಕಿ ಕೈ ಕಚ್ಚಿದ, ಇಬ್ಬರೂ ಬಾಯಿ ಬಾಯಿ ಬಡಕೊಂಡ್ರು. ಆದ್ರ ಎಲ್ಲಾರಕಿಂತ ಜೋರು ಅಪ್ಪನ ದನಿ: "ಏಳೋ, ನನ್ನ ಕುದುರೀ!"

ಮಣ್ಣಾಗ ಮಣಕಾಲೂರಿ ಒಂದೊಂದ ತಗದು ಅಂಗಿಗೆ ಒರಸ್ಕೊಂಡ. ಬೈಲಿಲ್ಲ, ಹೊಡೀಲಿಲ್ಲ. ಅವನ ಮಾರಿ ನೋಡಿ ಕೂಸುಗಳು ಅಳೋದು ಬಿಟ್ಟು, ತಾವೂ ಕೆದರಿ ಕುದುರಿ ಹುಡಕಾಕತ್ತುವು. ಅವ ನಮ್ಮ ಕಿಟಕಿ ಕಡಿ ನೋಡಿ "ಅಜ್ಜೀ..." ಅಂದ. ಕೈ ಜೋಡಿಸಿದ. ಜಲ್ದಿ ಜಲ್ದಿ ಎಲ್ಲಾರನ್ನೂ ನಳದ ಕೆಳಗ ತೊಳದು ಅರಿವಿ ಬದಲಿಸೋದ್ರಾಗ ಕ್ಯಾಬ್ ಬಂತು.

"ಇವತ್ತ ಏನಾತ್ರಿ ಅಜ್ಜಿ?"

ಎಂಥಾ ಸುದ್ದಿ ಅಂತೀರಿ! ಹಬ್ಬ ಪೂರ್ತಿ ಕುಂತು ತಿನ್ನೋವಷ್ಟು. ನಾಲಿಗಿ ತುದೀಗೆ ಬಂದಿತ್ತು. ಆಕಿ ಬೆನ್ನ ಹಿಂದ ಬಾಗಲದಾಗ ಮೂವರೂ ಹಸಿ ತಲೀಲೆ ನಿಂತಿದ್ರು, ಸಣ್ಣಾವನ ಮುಷ್ಟ್ಯಾಗ ಕಾಲು ಮುರದ ಕುದುರಿ. ನುಂಗಿಬಿಟ್ಟೆ.

"ಏನೂ ಇಲ್ಲವಾ," ಅಂದೆ.

"ಏನೂ ಇಲ್ಲ? ಬಿಸ್ಕೀಟು? ಬನಿಯನ್?"

"ಏನೂ ಅಂದ್ರ ಏನೂ ಇಲ್ಲ."

ಆಕಿ ಬ್ಯಾಗು ಕೆಳಗಿಟ್ಲು. ನನ್ನ ಹಣಿ ಮುಟ್ಟಿ ಜ್ವರ ನೋಡಿದ್ಲು. ಆಮ್ಯಾಲೆ ನನ್ನ ಮಾರಿ ಮ್ಯಾಲೇ ಅಂದ್ಲು:

"ಯಾರು ಯಾರನ್ನ ಕಚ್ಚಿದ್ರು ಅನ್ನೋದನ್ನ ನಾ ಒಳಗ ಹೋಗಿ ನೋಡ್ಕೋತೀನಿ. ಆದ್ರ ಡಬ್ಬಿ ಕಬಾಡಿಗೆ ಕೊಡಂಗಿಲ್ಲರಿ ಅಜ್ಜಿ. ನಿಮ್ಮ ಬಾಯಿ ಮುಚ್ಚಿಸಿದ ಆಟ ಅದು! ಹೊರಗ ಹಾಕಿದ್ರ ಕಾಲೋನಿ ಮಂದಿ ನನ್ನ ಸುಮ್ಮನ ಬಿಡ್ತಾರೇನು?"