ನಾನು ಬಿಚ್ಚಿದ ನಲವತ್ತೊಂದು ಗಂಟುಗಳು

ಹೆಂಡತಿಯ ಟೈಲರಿಂಗ್ ಅಂಗಡಿಯನ್ನು ಹತ್ತೇ ದಿನದಲ್ಲಿ ಸುಧಾರಿಸಿಬಿಡುತ್ತೇನೆ ಎಂಬುದರಲ್ಲಿ ನನಗೆ ಕಿಂಚಿತ್ತೂ ಅನುಮಾನವಿರಲಿಲ್ಲ. ನಾನು ಕೆ.ಜಿ.ಎಫ್.ನ ಒಂದು ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಗುಮಾಸ್ತ. ನಟ್ಟು, ಬೋಲ್ಟು, ವಾಷರು, ಪ್ರತಿಯೊಂದಕ್ಕೂ ಒಂದು ಡಬ್ಬ, ಒಂದು ನಂಬರು, ಒಂದು ಚೀಟಿ. ಮನೆಯಲ್ಲೂ ಅಷ್ಟೇ. ದಿನಕ್ಕೆ ಎಷ್ಟು ಸಲ ಕರೆಂಟ್ ಹೋಯಿತು, ಮಂಜುಳ ಎಷ್ಟು ಸಲ ನಿಟ್ಟುಸಿರು ಬಿಟ್ಟಳು ಎಂಬುದೆಲ್ಲ ನನ್ನ ಡೈರಿಯಲ್ಲಿರುತ್ತದೆ. ಮಂಜುಳ ನನ್ನ ಹೆಂಡತಿ. ನಿಟ್ಟುಸಿರಿಗೆ ಕಾರಣ ಕರೆಂಟೇ ಎಂದು ಬಹಳ ದಿನ ನಂಬಿದ್ದೆ.

ಈಚೆಗೆ ಮೊಬೈಲಿನಲ್ಲಿ ಒಂದು ಕೋರ್ಸು ಸೇರಿದೆ. ಯೂಎಕ್ಸ್ ಡಿಸೈನ್ ಅಂತ. ಅಂದರೆ, ಒಂದು ವಸ್ತುವನ್ನೋ ಸೇವೆಯನ್ನೋ ಬಳಸುವವರಿಗೆ ತೊಂದರೆಯಾಗದ ಹಾಗೆ ರೂಪಿಸುವ ವಿದ್ಯೆ. ಅದಕ್ಕೊಂದು ಚಕ್ರವಿದೆ. ಬಳಸುವವರನ್ನು ಗಮನಿಸಬೇಕು, ಸಮಸ್ಯೆ ಹಿಡಿಯಬೇಕು, ಉಪಾಯ ಹುಡುಕಬೇಕು, ಮಾದರಿ ಮಾಡಬೇಕು, ಪರೀಕ್ಷಿಸಬೇಕು, ಜಾರಿಗೆ ತರಬೇಕು, ಆಮೇಲೆ ಮತ್ತೆ ಗಮನಿಸಬೇಕು. ಈ ಚಕ್ರಕ್ಕೆ ಕೊನೆಯೆಂಬುದೇ ಇಲ್ಲ ಎಂದು ವೀಡಿಯೋದಲ್ಲಿ ಮೇಷ್ಟ್ರು ನಗುತ್ತ ಹೇಳಿದರು. ಅವರು ಯಾಕೆ ನಗುತ್ತಿದ್ದಾರೆಂದು ಆಗ ನನಗೆ ಹೊಳೆಯಲಿಲ್ಲ.

ಕೋರ್ಸು ಮುಗಿಯಬೇಕಾದರೆ ಒಂದು ನಿಜವಾದ ಅಂಗಡಿಯನ್ನು ಹಿಡಿದು ಇಡೀ ಚಕ್ರ ಸುತ್ತಿಸಿ ವರದಿ ಕೊಡಬೇಕಿತ್ತು. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ ಹಿಂದಿನ ಬೀದಿಯಲ್ಲಿ ಮಂಜುಳಳ ಅಂಗಡಿ ಇತ್ತು. ನಾನು ಹತ್ತು ದಿನ ರಜೆ ಹಾಕಿದೆ.

ದಿನ 1, ಶುಕ್ರವಾರ. ಹಂತ: ಗಮನಿಸುವುದು. ಅಂಗಡಿಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಬಂದ ಗ್ರಾಹಕರು 17. ಮಂಜುಳ ಮಿಷನ್ನಿನಿಂದ ಎದ್ದದ್ದು 23 ಸಲ. "ನೀವ್ಯಾಕೆ ಇಲ್ಲಿದ್ದೀರಾ?" ಎಂದು ನನ್ನನ್ನು ಕೇಳಿದವರು 11 ಜನ. ಒಬ್ಬ ಹೆಂಗಸಿಗೆ ಕೋರ್ಸಿನಲ್ಲಿ ಕಲಿಸಿದ ಪ್ರಶ್ನೆಯನ್ನೇ ಹಾಕಿದೆ. "ಬ್ಲೌಸ್ ಹೊಲಿಸುವ ಈ ಇಡೀ ಪ್ರಯಾಣದಲ್ಲಿ ನಿಮಗೆ ನೋವಾಗುವ ಜಾಗ ಯಾವುದು?"

"ಕಂಕುಳ ಹತ್ರ" ಅಂದರು ಅವರು.

ಬರೆದುಕೊಂಡೆ.

ಸಮಸ್ಯೆ ಹಿಡಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗೋಡೆಗೆ ಒಂದು ತೆರೆದ ಕಪಾಟು. ಅದರಲ್ಲಿ ನಲವತ್ತೊಂದು ಗಂಟುಗಳು. ಹೊಲಿಸಲು ಬರುವವರು ಹೊಸ ಬಟ್ಟೆಯ ಜೊತೆಗೆ ಮೈಗೆ ಸರಿಯಾಗಿ ಕೂರುವ ಒಂದು ಹಳೆಯ ಬ್ಲೌಸನ್ನೂ ಅಳತೆಗೆಂದು ತರುತ್ತಾರೆ. ಮಂಜುಳ ಬಟ್ಟೆ, ಲೈನಿಂಗು, ಅಳತೆ ಬ್ಲೌಸು ಮೂರನ್ನೂ ಸೇರಿಸಿ, ಒಂದು ಬಟ್ಟೆಚೂರಿನಿಂದ ಬಿಗಿದು ಕಪಾಟಿಗೆ ಎಸೆಯುತ್ತಾಳೆ. ಹೆಸರಿಲ್ಲ, ನಂಬರಿಲ್ಲ, ಚೀಟಿಯಿಲ್ಲ!

"ಯಾವುದು ಯಾರದ್ದು ಅಂತ ಹೇಗೆ ಗೊತ್ತಾಗುತ್ತೆ?" ಎಂದೆ.

"ಗೊತ್ತಾಯ್ತದೆ."

"ಹೇಗೆ?"

"ಎಂಗೆ ಅಂದ್ರೆ? ಗಂಟು ನೋಡಿದ್ರೆ ಗೊತ್ತಾಯ್ತದಪ್ಪ! ನಿಮ್ಮನ್ನ ನೋಡಿದ್ರೆ ಹಸಿವಾಗೈತೆ ಅಂತ ನಂಗೆ ಗೊತ್ತಾಗಲ್ವಾ? ನಿಮ್ಮ ಮೈಮೇಲೆ ಚೀಟಿ ಅಂಟ್ಸಿದ್ದೀನಾ?"

ಇದು ವೈಜ್ಞಾನಿಕ ಉತ್ತರವಲ್ಲ ಎಂದು ಡೈರಿಯಲ್ಲಿ ದಾಖಲಿಸಿದೆ.

ದಿನ 3, ಭಾನುವಾರ. ಕೋರ್ಸಿನ ಪ್ರಕಾರ ಒಬ್ಬ ಕಲ್ಪಿತ ಗ್ರಾಹಕಿಯನ್ನು ಸೃಷ್ಟಿಸಬೇಕು. ಏನೇ ತೀರ್ಮಾನ ಮಾಡುವುದಿದ್ದರೂ ಆಕೆಯ ಮುಖ ನೋಡಿ ಮಾಡಬೇಕು. ನಾನು 'ಲಕ್ಷ್ಮಿ, ವಯಸ್ಸು 34, ಗೃಹಿಣಿ' ಎಂದು ಬರೆದು, ಯಾರೋ ಚಿತ್ರಿಸಿದ ಒಂದು ನಗುಮುಖವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದೆ. ಸಂಜೆಯೊಳಗೆ ನಾಲ್ಕು ಜನ ಅದನ್ನು ನೋಡಿ ಧ್ವನಿ ತಗ್ಗಿಸಿದರು.

"ಪಾಪ, ಇನ್ನೂ ಚಿಕ್ಕ ವಯಸ್ಸು. ಏನಾಗಿತ್ತು?" ಎಂದರು ಒಬ್ಬರು.

ಕಾಜಾ, ಹುಕ್ಕು ಹಾಕುವ ಸೆಲ್ವಿ ಅಕ್ಕ ಮರುದಿನ ಬರುವಾಗ ಒಂದು ಮೊಳ ಹೂ ತಂದು ಲಕ್ಷ್ಮಿಗೆ ಮುಡಿಸಿಯೇಬಿಟ್ಟರು. "ಇರಲಿ ತಂಬಿ, ಯಾರಾದ್ರೇನು, ಒಳ್ಳೇ ಆತ್ಮ" ಎಂದರು. ತೆಗೆಯಲು ನನಗೂ ಧೈರ್ಯ ಬರಲಿಲ್ಲ.

ದಿನ 4, ಸೋಮವಾರ. ಮಂಜುಳ ತಂಗಿಯ ಮಗುವಿಗೆ ಹೆಸರಿಡುವ ಕಾರ್ಯಕ್ಕೆಂದು ಕ್ಯಾಸಂಬಳ್ಳಿಯ ತವರಿಗೆ ಹೊರಟಳು. ಬುಧವಾರ ವಾಪಸ್ಸು. ಹೊರಡುವಾಗ ಕಪಾಟಿನ ಕಡೆ ಕೈ ತೋರಿಸಿ, "ಬಂದ ತಕ್ಷಣ ಬಂಗಾರಪೇಟೆ ಮದ್ವೆದು ಕಟ್ ಮಾಡ್ಬೇಕು. ಮುಂದಿನ ಭಾನುವಾರ ಮುಹೂರ್ತ. ಮೂರು ಬ್ಲೌಸು. ದೊಡ್ಡ ಮನೆಯೋರು, ಮೊದಲ್ನೇ ಸಲ ನಮ್ಮತ್ರ ಬಂದಿರೋದು. ಇದು ಚೆನ್ನಾಗಿ ಕೂತ್ರೆ ಆ ಕಡೆ ಮದ್ವೆಗಳೆಲ್ಲ ನಮಗೇ" ಎಂದಳು.

"ನಾನು ಸ್ವಲ್ಪ ಮಾದರಿ ಮಾಡಿ ನೋಡ್ಲಾ?"

"ಏನಾದ್ರೂ ಮಾಡ್ಕೊಳ್ಳಿ. ಮಿಷನ್ ಮಾತ್ರ ಮುಟ್ಟಬ್ಯಾಡಿ."

ನಾನು ಮಿಷನ್ ಮುಟ್ಟಲಿಲ್ಲ. ಇದನ್ನು ದಯವಿಟ್ಟು ಗಮನಿಸಬೇಕು.

ದಿನ 5, ಮಂಗಳವಾರ. ವಸ್ತುಗಳನ್ನು ಗುಂಪು ಮಾಡಿ, ಸುಲಭವಾಗಿ ಕೈಗೆ ಸಿಗುವ ಹಾಗೆ ಜೋಡಿಸುವುದು ಈ ವಿದ್ಯೆಯಲ್ಲಿ ಬಹಳ ದೊಡ್ಡ ಪಾಠ. ಬೆಳಿಗ್ಗೆ ಒಂಬತ್ತಕ್ಕೆ ಶುರು ಮಾಡಿದೆ. ನಲವತ್ತೊಂದು ಗಂಟುಗಳನ್ನೂ ಬಿಚ್ಚಿದೆ! ಹೊಸ ಬಟ್ಟೆಗಳನ್ನೆಲ್ಲ ಒಂದು ಕಡೆ, ಬಣ್ಣದ ಪ್ರಕಾರ. ಲೈನಿಂಗು ಇನ್ನೊಂದು ಕಡೆ. ಅಳತೆ ಬ್ಲೌಸುಗಳು ಮೇಲಿನ ಸಾಲಿನಲ್ಲಿ, ಸಣ್ಣದರಿಂದ ದೊಡ್ಡದಕ್ಕೆ. ಆಮೇಲೆ ನಂಬರು. ಬಟ್ಟೆಗಳಿಗೆ 1ರಿಂದ 68, ಅಳತೆ ಬ್ಲೌಸುಗಳಿಗೆ 1ರಿಂದ 41. ಬಟ್ಟೆ ಇಪ್ಪತ್ತೇಳು ಹೆಚ್ಚಿದ್ದದ್ದು ಕಂಡಿತು. 'ಹೆಚ್ಚುವರಿ ದಾಸ್ತಾನು' ಎಂದು ಬರೆದೆ.

ಮಧ್ಯಾಹ್ನದ ಹೊತ್ತಿಗೆ ಕಪಾಟು ನಮ್ಮ ಕಾರ್ಖಾನೆಯ ಸ್ಟೋರ್ಸಿಗಿಂತ ಚೆನ್ನಾಗಿ ಕಾಣುತ್ತಿತ್ತು. ಹನ್ನೆರಡು ಫೋಟೋ ತೆಗೆದೆ. ಅಷ್ಟರಲ್ಲಿ ಸೆಲ್ವಿ ಅಕ್ಕ ಬಂದರು. ಬಾಗಿಲಲ್ಲೇ ನಿಂತರು.

"ಎನ್ನ ತಂಬಿ ಇದು?" ಇದೇನು ತಮ್ಮಾ ಎಂದು ತಮಿಳಿನಲ್ಲೇ ಕೇಳಿದರು.

"ಹೊಸ ವ್ಯವಸ್ಥೆ ಅಕ್ಕಾ. ಹಸಿರು ಬಟ್ಟೆ ಬೇಕಾ? ಇಲ್ಲಿ. ಮೂವತ್ತಾರರ ಅಳತೆ ಬೇಕಾ? ಇಲ್ಲಿ. ಎರಡು ಸೆಕೆಂಡು!"

"ಸರಿ. ಈ ಹಸಿರು ಬಟ್ಟೆಗೆ ಯಾವ ಅಳತೆ?"

ಅದರ ನಂಬರು ಏಳು. ಏಳನೇ ನಂಬರಿನ ಬಟ್ಟೆ ನೋಡಿದೆ. ಏಳನೇ ನಂಬರಿನ ಬ್ಲೌಸು ನೋಡಿದೆ. ಅವೆರಡೂ ಒಂದನ್ನೊಂದು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಕಡವುಳೇ!" ಎಂದು ದೇವರನ್ನು ಕರೆದು ಸೆಲ್ವಿ ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತರು.

ದಿನ 6, ಬುಧವಾರ. ಮಂಜುಳ ಬಂದಳು. ಕಪಾಟು ನೋಡಿದಳು. ಚೀಲ ಕೆಳಗಿಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಬ್ಲೌಸುಗಳನ್ನು ಒಂದೊಂದಾಗಿ ಎತ್ತಿ, ಕಂಕುಳ ಹೊಲಿಗೆ ನೋಡಿ, ಬಟ್ಟೆಯ ಮೇಲೆ ಇಡುತ್ತ ಹೋದಳು. ಇದು ಟೀಚರದ್ದು. ಇದು ನರ್ಸಮ್ಮನದ್ದು. ಇದು ತಾನೇ ಹೋದ ವರ್ಷ ಹೊಲಿದದ್ದು. ಸಂಜೆಯವರೆಗೆ 26 ಗುರುತು ಹಿಡಿದಳು. ಉಳಿದದ್ದು 15. ಎಲ್ಲ ಹೊಸಬರದ್ದು. ಅವುಗಳಲ್ಲಿ ಬಂಗಾರಪೇಟೆಯ ಮದುಮಗಳು ಕಾವ್ಯಳದ್ದೂ ಒಂದು.

"ಆ ಹುಡುಗೀನ ನಾನು ನೋಡೇ ಇಲ್ಲ. ಅವ್ರಜ್ಜಿ ತಂದುಕೊಟ್ಟು ಓದ್ರು. ಆಮೇಲೆ ನೋಡೋಣ ಅಂತ ಗಂಟು ಕಟ್ಟಿ ಇಟ್ಟಿದ್ದೆ" ಎಂದಳು. "ಏಳು ವರ್ಷದಿಂದ ಒಂದು ಬ್ಲೌಸು ಆಚೀಚೆ ಆಗಿಲ್ಲ ರೀ ನನ್ನ ಕೈಲಿ."

ನನ್ನ ಡೈರಿಯಲ್ಲಿ ಆ ದಿನದ ಪುಟದಲ್ಲಿ ಇದೊಂದೇ ಸಾಲಿದೆ.

"ನಾನೇ ಬಂಗಾರಪೇಟೆಗೆ ಹೋಗಿ ಅಳತೆ ತಗೊಂಡು ಬರ್ತೀನಿ. ಟೇಪು ಕೊಡು" ಎಂದೆ.

"ನೀವು? ಮದುಮಗಳಿಗೆ? ಟೇಪು ಇಡ್ಕೊಂಡು?" ಎಂದಳು. "ವಾಪಸ್ ಬರಲ್ಲ ನೀವು, ನಿಮ್ಮ ಸುದ್ದಿ ಬತ್ತದೆ! ಈ ಅದ್ನೈದೂ ತಗೊಂಡು ಓಗಿ. ಕಳ್ದೋಯ್ತು ಅಂತ ಮಾತ್ರ ಏಳಬ್ಯಾಡಿ. ಯಾವುದು ಅವಳದ್ದು ಅಂತ ಕೇಳ್ಕೊಂಡು ಬನ್ನಿ. ನಂಗೆ ಇಲ್ಲಿ ಉಳಿದ ಕೆಲ್ಸ ಬೆಟ್ಟದಷ್ಟೈತೆ."

ದಿನ 7, ಗುರುವಾರ. ಹಂತ: ಬಳಕೆದಾರರ ಪರೀಕ್ಷೆ. ಹದಿನೈದು ಹೆಂಗಸರ ಬ್ಲೌಸುಗಳನ್ನು ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದೆ. ಮದುವೆಮನೆ ತಲುಪಿದಾಗ ಒಳಗೆ ಕಾವ್ಯಳಿಗೆ ಅರಿಶಿನ ಹಚ್ಚುವ ನಲುಗು ನಡೆಯುತ್ತಿತ್ತು. ಗಂಡಸರಿಗೆ ಪ್ರವೇಶವಿಲ್ಲ. ಅಜ್ಜಿ ವೆಂಕಟಮ್ಮನವರೇ ಜಗುಲಿಗೆ ಬಂದರು. ಅವರ ಹಿಂದೆ ಗಂಡಿನ ಕಡೆಯಿಂದ ಬಂದ ಐದಾರು ಹೆಂಗಸರೂ ಬಂದು ನಿಂತರು. ನಾನು ಚಾಪೆಯ ಮೇಲೆ ಹದಿನೈದನ್ನೂ ಹರಡಿದೆ.

"ಏಮಪ್ಪಾ, ಇದೇನು ಅಂಗಡಿ ಆಕಿದ್ದೀಯಾ?"

"ಇಲ್ಲಜ್ಜಿ. ಗುಣಮಟ್ಟ ಖಚಿತಪಡಿಸುವ ಹೊಸ ಪದ್ಧತಿ. ಇದರಲ್ಲಿ ಕಾವ್ಯ ಅವರ ಅಳತೆ ಯಾವುದು ಅಂತ ನೀವೇ ತೋರಿಸಬೇಕು."

ಅಜ್ಜಿ ಕನ್ನಡಕ ಸರಿಮಾಡಿಕೊಂಡರು. ಅವರ ಕೈ ಮೊದಲು ಚಾಪೆಯ ಬಲತುದಿಯ ಒಂದು ದೊಡ್ಡ ಬ್ಲೌಸಿನ ಕಡೆ ಹೋಯಿತು. ಆಗ ಹಿಂದಿನಿಂದ ಗಂಡಿನ ಸೋದರತ್ತೆ, "ಅದಾ? ಹುಡುಗಿ ಅಷ್ಟು ದಪ್ಪನಾ?" ಎಂದರು. ಅಜ್ಜಿಯ ಕೈ ಗಾಳಿಯಲ್ಲಿ ನಿಂತಿತು. ಆಮೇಲೆ ನಿಧಾನವಾಗಿ ಎಡಕ್ಕೆ ಸರಿದು, ಎಲ್ಲಕ್ಕಿಂತ ಸಣ್ಣದರ ಮೇಲೆ ಕೂತಿತು.

"ಇದು. ನಮ್ಮ ಕಾವ್ಯ ಕಡ್ಡಿ ಕಣಪ್ಪಾ, ಕಡ್ಡಿ!"

ಅಜ್ಜಿಯ ಕೈ ಎಲ್ಲಿಂದ ಎಲ್ಲಿಗೆ ಹೋಯಿತೆಂದು ನಾನು ನೋಡಿದೆ. ನೋಡಿದ್ದನ್ನು ಬರೆದೂ ಕೊಂಡೆ: 'ಆಯ್ಕೆಗೆ ತೆಗೆದುಕೊಂಡ ಸಮಯ ಒಂಬತ್ತು ಸೆಕೆಂಡು. ಕೇಳಿದವರು 1, ಉತ್ತರಿಸಿದವರು 1. ಪೂರ್ಣ ಯಶಸ್ಸು.' ಅದರ ಅರ್ಥವೇನೆಂದು ಮಾತ್ರ ಯೋಚಿಸಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಸೀಟು ಕೂಡ ಸಿಕ್ಕಿತು!

"ಸರಿಯಾಗಿ ಕೇಳಿದ್ರಾ?" ಎಂದಳು ಮಂಜುಳ.

"ಸಂಬಂಧಪಟ್ಟ ಬಳಕೆದಾರರನ್ನೇ ಕೇಳಿದೆ."

ಶುಕ್ರವಾರವಿಡೀ ಅವಳು ಹೊಲಿದಳು.

ದಿನ 9, ಶನಿವಾರ. ಮೂರು ಬ್ಲೌಸುಗಳನ್ನು ಬೆಳಿಗ್ಗೆಯೇ ಕಳಿಸಿದ್ದೆವು. ಹನ್ನೊಂದಕ್ಕೆ ಮಂಜುಳಳ ಫೋನಿಗೆ ಕರೆ ಬಂತು. ಅವಳು ಫೋನನ್ನು ನನ್ನ ಕಿವಿಗೆ ಹಿಡಿದಳು. ಒಂದು ಹುಡುಗಿಯ ಧ್ವನಿ. "ಅಕ್ಕಾ, ಮೊಣಕೈ ದಾಟ್ತಾ ಇಲ್ಲ. ಮೂರೂ."

ಮಂಜುಳ, ಸೆಲ್ವಿ ಅಕ್ಕ, ನಾನು, ಮೂವರೂ ಬಂಗಾರಪೇಟೆಗೆ ಓಡಿದೆವು. ಮಂಜುಳ ಒಳಗೆ ಹೋಗಿ ಟೇಪು ಹಿಡಿದಳು. ಎರಡೇ ನಿಮಿಷ! ಚಕ್ರವಿಲ್ಲ, ಹಂತವಿಲ್ಲ, ಚಾಪೆಯಿಲ್ಲ. ಹೊರಗೆ ಬಂದವಳು ಕತ್ತರಿಯ ತುದಿಯಲ್ಲಿ ಹೊಲಿಗೆ ಬಿಚ್ಚತೊಡಗಿದಳು. ಒಳಗೆ ಎರಡು ಬೆರಳು ಬಟ್ಟೆ ಬಿಟ್ಟು ಹೊಲಿಯುವುದು ಅವಳ ಅಭ್ಯಾಸ. ಅದರಿಂದ ಎರಡು ಬ್ಲೌಸುಗಳು ಹೇಗೋ ಬದುಕಿದವು. ಮುಹೂರ್ತದ ರೇಷ್ಮೆ ಬ್ಲೌಸಿಗೆ ಅಷ್ಟೂ ಸಾಲಲಿಲ್ಲ. ಸೀರೆಯ ಒಳತುದಿಯಿಂದ ಒಂದು ತುಂಡು ಕತ್ತರಿಸಿ ಕಂಕುಳ ಕೆಳಗೆ ಪಟ್ಟಿ ಕೊಟ್ಟಳು.

ಕಾವ್ಯ ಬಾಗಿಲ ಹತ್ತಿರ ಬಂದು ನಿಂತಳು. ಮುಖದ ಮೇಲೆ ಇನ್ನೂ ಅರಿಶಿನವಿತ್ತು, ಕಣ್ಣು ಅತ್ತು ಕೆಂಪಾಗಿತ್ತು.

"ಅಣ್ಣಾ, ಮೊನ್ನೆ ನೀವು ಬಂದಾಗ ನಾನು ಒಳಗೇ ಇದ್ನಲ್ಲ. ನನ್ನ ಯಾಕೆ ಕೇಳ್ಲಿಲ್ಲ?"

ಕೋರ್ಸಿನಲ್ಲಿ ಅರವತ್ತೆರಡು ವೀಡಿಯೋ ನೋಡಿದ್ದೇನೆ. ಎಲ್ಲದರಲ್ಲೂ ಹೇಳಿದ್ದು ಆ ಒಂದೇ ಮಾತು.

ಅಜ್ಜಿ ಗೋಡೆ ನೋಡುತ್ತಿದ್ದರು. ನಾನೂ ಅದೇ ಗೋಡೆ ನೋಡಿದೆ.

ದಿನ 10, ಭಾನುವಾರ. ಮುಹೂರ್ತಕ್ಕೆ ನಾವೂ ಹೋದೆವು. ಉಳಿದವರು ಮದುಮಗಳ ಮುಖ ನೋಡುತ್ತಿದ್ದರು, ಮಂಜುಳ ಕಂಕುಳು ನೋಡುತ್ತಿದ್ದಳು. ಹಾರ ಹಾಕುವ ಹೊತ್ತು ಬಂತು. ಕಾವ್ಯ ಕೈ ಎತ್ತಿದಳು. ಭುಜದ ಮಟ್ಟಕ್ಕೆ ಬಂದ ಕೈ ಅಲ್ಲೇ ನಿಂತಿತು. ಗಂಡು ಆರಡಿ. ಮಂಜುಳ ನನ್ನ ತೋಳನ್ನು ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದಳು. ಕಾವ್ಯ ಏನೋ ಪಿಸುಗುಟ್ಟಿದಳು. ಆ ಹುಡುಗ ಒಂದು ಕ್ಷಣ ನೋಡಿ, ನಕ್ಕು, ಎಲ್ಲರೆದುರು ಮೊಣಕಾಲೂರಿ ತಲೆ ಬಾಗಿಸಿದ. ಛತ್ರವೆಲ್ಲ ಚಪ್ಪಾಳೆ! "ಎಂಥ ವಿನಯ!" ಎಂದು ಸೋದರತ್ತೆ ಕಣ್ಣೊರೆಸಿಕೊಂಡರು.

ಹೊಲಿಗೆ ತಡೆಯಿತು. ಆದರೆ ಮಂಜುಳ ಊಟಕ್ಕೆ ಕೂರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತು, "ಬಾಗೋ ಗಂಡು ಸಿಕ್ಕಿದ್ದು ಅವಳ ಪುಣ್ಯ. ನನ್ನ ಕೆಲ್ಸ ಅಲ್ಲ ಅದು" ಎಂದಳು. ಆ ಕಡೆಯ ಮದುವೆಗಳಾವುವೂ ಇಂದಿನವರೆಗೆ ನಮ್ಮ ಅಂಗಡಿಗೆ ಬಂದಿಲ್ಲ.

ನಾನು ವರದಿ ಕಳಿಸಲಿಲ್ಲ. ಉಳಿದ ಹದಿನಾಲ್ಕು ಬ್ಲೌಸುಗಳನ್ನು ಹಿಡಿದು ರಾಬರ್ಟ್‌ಸನ್‌ಪೇಟೆಯ ಮನೆಮನೆಗೆ ಅಲೆಯುವುದರಲ್ಲೇ ರಜೆಯ ಮೇಲೆ ಇನ್ನೂ ನಾಲ್ಕು ದಿನ ರಜೆ ಹೋಯಿತು. "ಇದು ನಿಮ್ಮದಾ?" ಎಂದು ಕೇಳಿದ್ದಕ್ಕೆ ಬಾಗಿಲು ಮುಚ್ಚಿದವರು 6. ಗಂಡನನ್ನು ಕರೆದವರು 3.

ಅಂಗಡಿ ಮತ್ತೆ ಮೊದಲಿನಂತೆಯೇ ನಡೆಯುತ್ತಿದೆ. ಹೆಸರಿಲ್ಲದ ಗಂಟುಗಳು, ಬಟ್ಟೆಚೂರಿನ ಕಟ್ಟು, ಗೊತ್ತಾಯ್ತದೆ ಎಂಬ ಉತ್ತರ. ಬದಲಾದದ್ದು ಒಂದೇ. ತೆರೆದ ಕಪಾಟಿಗೆ ಮಂಜುಳ ಬಡಗಿಯನ್ನು ಕರೆಸಿ ಬಾಗಿಲು ಮಾಡಿಸಿ, ಬೀಗ ಹಾಕಿಸಿದ್ದಾಳೆ. ಒಂದು ಕೀಲಿ ಅವಳ ಹತ್ತಿರ, ಇನ್ನೊಂದು ಸೆಲ್ವಿ ಅಕ್ಕನ ಹತ್ತಿರ. ಒಬ್ಬನೇ ಒಬ್ಬ ಬಳಕೆದಾರನ ಸ್ವಭಾವವನ್ನು ಚೆನ್ನಾಗಿ ಅಧ್ಯಯನ ಮಾಡಿ, ಅವನಿಗಾಗಿಯೇ ರೂಪಿಸಿದ ವಿನ್ಯಾಸ ಅದು.

ಮೂರು ಸಲ ಪರೀಕ್ಷಿಸಿ ನೋಡಿದೆ. ತೆರೆಯುವುದಿಲ್ಲ.