ನಮ್ಮ ಕುರ್ಚಿಯಲ್ಲಿ ಕೂತು ಎಲ್ಲೆ ಮೀರಿದ ಮಾರ್ಗದರ್ಶಕರ ಕುರಿತು

ಅಕ್ಷರಶಿಖರ ಗ್ರಂಥಪಾಲಕರ ವೃತ್ತಿ ವಿಕಸನ ಪ್ರತಿಷ್ಠಾನದ ಮಾನ್ಯ ನಿರ್ದೇಶಕರೇ,

ಗುಡ್ಡದ ಮೇಲಿನವರು ಬಯಲಿನವರಿಗೆ ಸಲ್ಲಿಸಬೇಕಾದ ಸಕಲ ನಮಸ್ಕಾರಗಳನ್ನೂ ಮೊದಲು ಸ್ವೀಕರಿಸಬೇಕು. ತಾವೂ ತಮ್ಮ ಕಚೇರಿಯವರೂ ಕುಶಲವೆಂದು ನಂಬಿದ್ದೇನೆ. ಇಲ್ಲಿ ನಾನು ಕುಶಲ, ಓದುಗರು ಕುಶಲ, ಪುಸ್ತಕಗಳ ಆರೋಗ್ಯವೂ ಈಚೆಗೆ ಸುಧಾರಿಸಿದೆ.

ನಾನು ಸಂಸೆಯಿಂದ ಇನ್ನಷ್ಟು ಒಳಗೆ, ಬಸ್ಸು ತಿರುಗಿಸಿಕೊಂಡು ವಾಪಸು ಹೋಗುವ ಕೆಳಗಿನಮಕ್ಕಿ ಎಂಬ ಊರಿನ ಗ್ರಂಥಪಾಲಕಿ. ಬೀಗ ತೆಗೆಯುವವಳೂ, ಕಸ ಗುಡಿಸುವವಳೂ, ಪತ್ರಿಕೆ ಜೋಡಿಸುವವಳೂ ನಾನೊಬ್ಬಳೇ ಆದ್ದರಿಂದ, ತಮ್ಮ ಪತ್ರಗಳಲ್ಲಿ 'ತಾವು ಮತ್ತು ತಮ್ಮ ತಂಡ' ಎಂಬುದನ್ನು ಓದಿದಾಗಲೆಲ್ಲ ಒಮ್ಮೆ ಹಿಂದೆ ತಿರುಗಿ ನೋಡುತ್ತೇನೆ. ನನಗೆ ನೇಮಿಸಿದ್ದ ಮಾರ್ಗದರ್ಶಕರಾದ ಶ್ರೀ ಪ್ರಸಾದರನ್ನು 'ಮಾರ್ಗದರ್ಶನದ ಎಲ್ಲೆ ಮೀರಿದ' ಕಾರಣಕ್ಕೆ ಪಟ್ಟಿಯಿಂದ ಕೈಬಿಟ್ಟಿರುವುದಾಗಿಯೂ, ಅವರು ಹಾಗೆ ಮೀರಲು ನಾನು ಹೇಗೆ ಕಾರಣಳಾದೆನೆಂದು ವಿವರಿಸಬೇಕೆಂದೂ ತಾವು ಕಳುಹಿಸಿದ ನೋಟಿಸು ತಲುಪಿತು. ಅದು ನನ್ನ ಕೈಗೆ ಬರುವ ಮೊದಲೇ ಟಪಾಲು ಬಂದು ಬೀಳುವ ಅಂಗಡಿಯಲ್ಲಿ ಕೂತವರೆಲ್ಲ ಓದಿಯಾಗಿತ್ತು. ಹಾಗಾಗಿ ಉತ್ತರವನ್ನೂ ಎಲ್ಲರೂ ಓದುವಂತೆ ಬರೆಯುವುದು ಸೌಜನ್ಯವೆಂದು ಭಾವಿಸಿದ್ದೇನೆ.

ತಾವು ನನ್ನ ವೃತ್ತಿಜೀವನದ ಬಗ್ಗೆ ವಹಿಸಿದ ಕಾಳಜಿಯನ್ನು ನನ್ನ ಮನೆಯವರೂ ವಹಿಸಿಲ್ಲ. ನಾಯಕತ್ವದ ಬಗ್ಗೆ ವೆಬಿನಾರು, ಸಂವಹನ ಕೌಶಲದ ಬಗ್ಗೆ ವೆಬಿನಾರು, ವೆಬಿನಾರುಗಳನ್ನು ಸಂಪೂರ್ಣವಾಗಿ ಬಳಸಿಕೊಳ್ಳುವುದು ಹೇಗೆಂಬ ಬಗ್ಗೆ ಇನ್ನೊಂದು ವೆಬಿನಾರು, ಹೀಗೆ ಮಳೆಗಾಲ ಮುಗಿದರೂ ತಮ್ಮ ಅವಕಾಶಗಳು ಸುರಿಯುವುದು ನಿಲ್ಲಲಿಲ್ಲ. ಆದರೆ ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಏರಿನ ಮೇಲಿನ ಜೀಪ್ ಸ್ಟ್ಯಾಂಡಿನಲ್ಲಿ ಮಾತ್ರ. ಅಲ್ಲಿಗೆ ಹೋಗಬೇಕೆಂದರೆ ಗ್ರಂಥಾಲಯಕ್ಕೆ ಬೀಗ ಹಾಕಬೇಕು. ಬೀಗ ಹಾಕಿದ್ದು ಬೊಮ್ಮಯ್ಯನವರ ಕಣ್ಣಿಗೆ ಬೀಳಬಾರದು.

ಬೊಮ್ಮಯ್ಯನವರು ನಮ್ಮೂರಿನ ಜೀಪಿನವರ ಸಂಘಕ್ಕೆ ಅಧ್ಯಕ್ಷರು. ಗುಡ್ಡ ಹತ್ತಲು ಬರುವ ಪ್ರವಾಸಿಗರಿಗೆ ಬುಕಿಂಗ್ ಕೌಂಟರು ತೆರೆಯಲು ನಮ್ಮ ಗ್ರಂಥಾಲಯದ ಕೊಠಡಿಯಷ್ಟು ಅನುಕೂಲದ ಜಾಗ ಬೇರಿಲ್ಲವೆಂದು ಅವರು ಬಹಳ ದಿನದಿಂದ ಹೇಳುತ್ತ ಬಂದಿದ್ದಾರೆ. ಕೊಠಡಿ ಇರುವುದು ಊರಿನ ಕಟ್ಟಡ ಸಮಿತಿಯ ಕೈಯಲ್ಲಿ. ಒಂದು ವಾರ ಬಾಗಿಲು ಹಾಕಿದ್ದರೆ ಬಳಕೆಯಲ್ಲಿಲ್ಲವೆಂದು ತಿಳಿದು ಬೇರೆಯವರಿಗೆ ಕೊಡಬಹುದೆಂದು ಸಮಿತಿ ತೀರ್ಮಾನಿಸಿತ್ತು. ಅಂದಿನಿಂದ ನನಗೆ ಜ್ವರ ಬಂದರೆ ನನಗಿಂತ ಮೊದಲು ಬೊಮ್ಮಯ್ಯನವರಿಗೆ ಗೊತ್ತಾಗುತ್ತಿತ್ತು. ಗಂಜಿ ಕುಡಿದು ಚೆನ್ನಾಗಿ ವಿಶ್ರಾಂತಿ ತೆಗೆದುಕೊಳ್ಳಿರೆಂದು ಮನೆ ಬಾಗಿಲಿಗೇ ಬಂದು ಹೇಳಿ ಹೋಗುತ್ತಿದ್ದರು.

ಹೀಗಿರುವಾಗ ಹಾಳಾಗುತ್ತಿರುವ ಪುಸ್ತಕಗಳನ್ನು ಉಳಿಸಿಕೊಳ್ಳುವ ಬಗ್ಗೆ ಮೈಸೂರಿನಲ್ಲಿ ಒಂದು ವಾರದ ಶಿಬಿರವಿದೆಯೆಂದು ತಿಳಿಯಿತು. ತಾವು ಕಳುಹಿಸಿದ ಅವಕಾಶಗಳಲ್ಲಿ ನಾನು ನಿಜವಾಗಿ ಆಸೆಪಟ್ಟದ್ದು ಅದೊಂದಕ್ಕೆ. ನಮ್ಮಲ್ಲಿ ಆಷಾಢ ಬಂತೆಂದರೆ ಕಪಾಟಿನ ಕೆಳಸಾಲಿನ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ. ಮಕ್ಕಳು ಪುಟ ತಿರುಗಿಸಿದರೆ ಸೀನುತ್ತಾರೆ. ಬಟ್ಟೆಯಲ್ಲಿ ಒರೆಸುವುದು, ಒಲೆಯ ಹತ್ತಿರ ಹರಡುವುದು, ಮತ್ತೆ ಒರೆಸುವುದು, ಇಷ್ಟೇ ನನಗೆ ಗೊತ್ತಿದ್ದದ್ದು. ಪ್ರತಿ ವರ್ಷ ಒಂದಷ್ಟು ಪುಸ್ತಕಗಳನ್ನು ಗೋಣಿಚೀಲಕ್ಕೆ ತುಂಬಿ ಹೊರಗೆ ಹಾಕುವಾಗ ಸಾವಿತ್ರಮ್ಮನವರು ನೋಡದಿರಲೆಂದು ಹಿಂಬಾಗಿಲಿನಿಂದ ಒಯ್ಯುತ್ತಿದ್ದೆ. ಅವರು ನಮ್ಮ ಹಿರಿಯ ಓದುಗರು. ಕಿಟಕಿಯ ಪಕ್ಕದ ಬೆಂಚು ಅವರದು.

ಇನ್ನು ಪ್ರಸಾದರ ವಿಷಯ. ಅವರು ಮೊದಮೊದಲು ಎಲ್ಲೆಯೊಳಗೇ ಇದ್ದರೆಂದು ಪ್ರಮಾಣ ಮಾಡಿ ಹೇಳಬಲ್ಲೆ. ಸಂಜೆ ಗ್ರಂಥಾಲಯದ ಹೊತ್ತು ಮುಗಿದ ಮೇಲೆ ಫೋನು ಮಾಡುತ್ತಿದ್ದರು, ತಾವು ಕೊಟ್ಟ ಮಾರ್ಗದರ್ಶನದ ಕೈಪಿಡಿಯಿಂದ ಪ್ರಶ್ನೆ ಓದುತ್ತಿದ್ದರು, ನಾನು ಜೀಪ್ ಸ್ಟ್ಯಾಂಡಿನಲ್ಲಿ ನಿಂತು ಉತ್ತರಿಸುತ್ತಿದ್ದೆ. ಐದು ವರ್ಷಗಳ ನಂತರ ತಮ್ಮನ್ನು ಎಲ್ಲಿ ಕಾಣಬಯಸುತ್ತೀರಿ ಎಂದು ಒಮ್ಮೆ ಕೇಳಿದರು. ಇದೇ ಜೀಪ್ ಸ್ಟ್ಯಾಂಡಿನಲ್ಲಿ ಕಾಣಬಯಸುವುದಿಲ್ಲ ಎಂದೆ. ಮುಂದಿನ ಪ್ರಶ್ನೆ, ತಮ್ಮ ವೃತ್ತಿ ಬೆಳವಣಿಗೆಗೆ ಇರುವ ಮುಖ್ಯ ಅಡ್ಡಿ ಯಾವುದು ಎಂಬುದು. ಆಗಲೇ ನನ್ನ ಬಾಯಿಂದ ಆ ಮಾತು ಬಂದದ್ದು. ತಮ್ಮ ನೋಟಿಸಿಗೆ ನೇರ ಉತ್ತರವೂ ಅದೇ.

"ಕುರ್ಚಿ ಸರ್. ನಾನು ಎದ್ರೆ ಅದ್ರಲ್ಲಿ ಕೂರಕ್ಕೆ ಯಾರೂ ಇಲ್ಲ. ನೀವು ಏನೇ ಕಲ್ಸಿ, ಅದನ್ನ ಕಲಿಯಕ್ಕೆ ನಾನು ಏಳ್ಬೇಕಲ್ಲ."

ನೆಟ್‌ವರ್ಕ್ ಹೋಯಿತೇನೋ ಎಂದು ನಾನು ಫೋನು ಎತ್ತಿ ಹಿಡಿದು ಬೇಲಿಯುದ್ದಕ್ಕೂ ನಡೆದೆ. ಆಮೇಲೆ ಅವರು ಮೈಸೂರಿನ ಶಿಬಿರ ಎಂದಿನಿಂದ ಎಂದು ಕೇಳಿ ಫೋನಿಟ್ಟರು.

ಶಿಬಿರದ ಹಿಂದಿನ ದಿನ ಕಳಸದ ಬಸ್ಸಿನಿಂದ ಒಂದು ಬ್ಯಾಗು, ಒಂದು ಸ್ವೆಟರು ಹಿಡಿದು ಅವರು ಇಳಿದರು. ಮೊದಲ ಸಲ ನೋಡಿದ್ದು. ಧ್ವನಿಯಿಂದ ಗುರುತು ಹಿಡಿದೆ. ಬಹಳ ಹಿಂದೆ ಮೂಡಿಗೆರೆ ಕಡೆಯ ಕಾಲೇಜೊಂದರಲ್ಲಿ ಗ್ರಂಥಪಾಲಕರಾಗಿದ್ದರಂತೆ. ತರಬೇತಿ ಕೊಡಲು ಶುರುಮಾಡಿದ ಮೇಲೆ ಪುಸ್ತಕ ಕೊಡುವುದು ತಪ್ಪಿಹೋಯಿತಂತೆ. ಬೀಗದ ಕೈ ಇಸಿದುಕೊಂಡು, ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿ, "ಕೂರೋದು ಹೆಂಗೆ ಅಂತ ಮರ್ತಿಲ್ಲ ಅನ್ಸುತ್ತೆ. ನೀವು ಹೊರಡಿ ಪಂಚಮಿ, ಬಸ್ಸು ತಿರುಗ್ತಾ ಇದೆ" ಎಂದರು.

ಶಿಬಿರದ ವಿವರ ತಮಗೆ ಬೇಡವಾಗಬಹುದು, ಆದರೂ ಹೇಳುತ್ತೇನೆ. ಮೊದಲ ದಿನ ಬೂಷ್ಟು ಹಿಡಿದ ಪುಸ್ತಕಗಳ ಪೆಟ್ಟಿಗೆ ತೆರೆದರು. ಇಡೀ ಕೋಣೆ ಸೀನಿತು. ನನ್ನ ಹಾಗೆಯೇ ಸೀನುವ ಜನ ಇಷ್ಟೊಂದು ಇದ್ದಾರೆಂದು ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದವರು ಅತ್ತಿಗುಂಡಿಯ ಗ್ರಂಥಪಾಲಕಿ ಪ್ರೇಮಕುಮಾರಿ. ಅವರು ಮಗಳನ್ನು ಕೆಲಸಕ್ಕೆ ರಜೆ ಹಾಕಿಸಿ ಕುರ್ಚಿಯಲ್ಲಿ ಕೂರಿಸಿ ಬಂದಿದ್ದರು. ಹುಷಾರಿಲ್ಲದ ಪುಸ್ತಕವನ್ನು ಬೇರೆ ಇಡುವುದು, ಒದ್ದೆ ಬಟ್ಟೆ ಮುಟ್ಟಿಸದಿರುವುದು, ಪುಟಗಳ ನಡುವೆ ಹೀರುಕಾಗದ ಇಟ್ಟು ಗಾಳಿಗೆ ಒಣಗಿಸುವುದು, ಮೆತ್ತನೆಯ ಕುಂಚದಲ್ಲಿ ಗುಡಿಸುವುದು, ಎಲ್ಲವನ್ನೂ ಶಿಬಿರದವರು ಕೈಹಿಡಿದು ಕಲಿಸಿದರು. ಊಟದ ಹೊತ್ತಿನಲ್ಲಿ ನಾವು ಕಪಾಟು, ಇಲಿ, ಓದುಗರ ಬಗ್ಗೆ ಮಾತಾಡಿದೆವು. ನನ್ನ ಕೆಲಸದ ಬಗ್ಗೆ ವಿವರಣೆ ಕೊಡದೆ ನಾನು ಮಾತಾಡಿದ್ದು ಅದೇ ಮೊದಲು. ಒಂದು ಸಂಜೆ ಕಾರಣವಿಲ್ಲದೆ ಅಳು ಬಂತು. ಬೂಷ್ಟಿನ ಅಲರ್ಜಿ ಎಂದು ಪ್ರೇಮಕುಮಾರಿಗೆ ಹೇಳಿದೆ. ತನಗೂ ಅದೇ ಅಲರ್ಜಿ ಇದೆಯೆಂದು ಅವರು ಕರ್ಚೀಫು ಕೊಟ್ಟರು.

ಅತ್ತ ಕೆಳಗಿನಮಕ್ಕಿಯಲ್ಲಿ ನಡೆದದ್ದನ್ನು ಸಾವಿತ್ರಮ್ಮನವರು ಹೇಳಿದಂತೆ ಬರೆಯುತ್ತಿದ್ದೇನೆ. ಪ್ರಸಾದರ ಕೆಲಸ ನಿರ್ದುಷ್ಟವಾಗಿತ್ತೆಂದು ನಾನು ವಾದಿಸುವುದಿಲ್ಲ. ಮನೆಗೆ ಕೊಡಬಾರದ ನಿಘಂಟನ್ನು ಮನೆಗೆ ಕೊಟ್ಟರು; ಅಡುಗೆ ಪುಸ್ತಕವನ್ನು ಆಯುರ್ವೇದದಲ್ಲಿ ಇಟ್ಟರು; ಮಕ್ಕಳ ಕತೆಯೊಂದನ್ನು ತೆಗೆದು ನಿಂತಲ್ಲೇ ಓದುತ್ತ, ಅದನ್ನೇ ಕೇಳಿಕೊಂಡು ಬಂದ ಹುಡುಗಿಯನ್ನು ಕಾಯಿಸಿದರು. ಆದರೆ ಬಾಗಿಲು ಮಾತ್ರ ದಿನವೂ ಹೊತ್ತಿಗೆ ಸರಿಯಾಗಿ ತೆರೆಯುತ್ತಿತ್ತು.

ನಾನು ಊರಿನಲ್ಲಿಲ್ಲವೆಂಬ ಸುದ್ದಿ ತಿಳಿದು ಬೊಮ್ಮಯ್ಯನವರು ಬಡಗಿ ಗಿಡ್ಡಪ್ಪನನ್ನು ಕರೆದುಕೊಂಡು ಅಳತೆ ಟೇಪಿನೊಂದಿಗೆ ಬಂದರು. ಗ್ರಂಥಾಲಯ ಬಂದ್ ಆಗಿದೆಯಂತಲ್ಲ ಎಂದು ಕುರ್ಚಿಯಲ್ಲಿದ್ದವರನ್ನೇ ಕೇಳಿದರು. ಅದೇ ಹೊತ್ತಿಗೆ ಪ್ರಸಾದರು ಏರು ಹತ್ತಿ ಜೀಪ್ ಸ್ಟ್ಯಾಂಡಿಗೆ ಹೋಗಬೇಕಿತ್ತು. 'ಬಿಡುವಿಲ್ಲದ ಗ್ರಂಥಪಾಲಕರಿಗೆ ಬಿಡುವಿನ ನಿರ್ವಹಣೆ' ಎಂಬ ತಮ್ಮ ವೆಬಿನಾರಿನಲ್ಲಿ ಅವರೇ ಭಾಷಣಕಾರರು. ಬ್ಯಾಗು ಹೆಗಲಿಗೆ ಹಾಕಿ ಎದ್ದು ನಿಂತಿದ್ದರಂತೆ. ಬಾಗಿಲ ಕಡೆ ಒಮ್ಮೆ, ಟೇಪಿನ ಕಡೆ ಒಮ್ಮೆ ನೋಡಿದರಂತೆ. ಆಮೇಲೆ ಬ್ಯಾಗು ಕೆಳಗಿಟ್ಟು ಮತ್ತೆ ಕೂತು, "ಬಾಗಿಲು ತೆಗ್ದಿದೆ, ಸಾವಿತ್ರಮ್ಮನವ್ರು ಓದ್ತಾ ಇದಾರೆ. ಇದನ್ನ ಬಂದ್ ಅನ್ನಕ್ಕಾಗಲ್ಲ. ಅಳೀಬೇಕು ಅಂದ್ರೆ ಅಳೀರಿ, ಟೇಪಿನ ಆ ತುದಿ ನಾನು ಹಿಡ್ಕೊಳ್ತೀನಿ. ಸದ್ದು ಮಾತ್ರ ಮಾಡ್ಬೇಡಿ" ಎಂದರಂತೆ.

ಅಳತೆ ಕಿಟಕಿಯ ಹತ್ತಿರ ಬಂದು ನಿಂತಿತು. ಸಾವಿತ್ರಮ್ಮನವರು ಟೇಪಿಗೆ ಅಡ್ಡವಿದ್ದ ಕಾಲು ತೆಗೆಯಲಿಲ್ಲ. "ನಾನು ಇದನ್ನ ಓದಿ ಮುಗ್ಸದೆ ಏಳದಿಲ್ಲ ಬೊಮ್ಮಯ್ಯ" ಎಂದಷ್ಟೇ ಹೇಳಿದರಂತೆ. ಅವರ ಕೈಯಲ್ಲಿದ್ದದ್ದು ದಪ್ಪ ಪುಸ್ತಕ. ಗಿಡ್ಡಪ್ಪ ಟೇಪು ಸುತ್ತಿಕೊಂಡು, ಬಂದದ್ದಕ್ಕೆ ಒಂದು ಪತ್ರಿಕೆ ಓದಿ ಹೋದ. ಅಷ್ಟು ಹೊತ್ತೂ ತಮ್ಮ ವೆಬಿನಾರಿನ ಪರದೆಯಲ್ಲಿ ಭಾಷಣಕಾರರ ಜಾಗದಲ್ಲಿ ಖಾಲಿ ಕುರ್ಚಿಯ ಚಿತ್ರವಿತ್ತೆಂದು ನೋಟಿಸಿನಲ್ಲಿ ಬರೆದಿದ್ದೀರಿ. ಕೆಳಗಿನಮಕ್ಕಿಯ ಕುರ್ಚಿ ಖಾಲಿ ಇರಲಿಲ್ಲವೆಂದು ತಮ್ಮ ದಾಖಲೆಗೆ ಸೇರಿಸಬೇಕಾಗಿ ಕೋರುತ್ತೇನೆ.

ಆದ್ದರಿಂದ ಮಾನ್ಯರೇ, ತಮ್ಮ ನಿರ್ಧಾರ ಸಂಪೂರ್ಣ ನ್ಯಾಯಯುತವಾಗಿದೆ. ಮಾರ್ಗ ತೋರಿಸಬೇಕಾದವರು, ನಾನು ಆ ಮಾರ್ಗದಲ್ಲಿ ಹೋಗಿಬರುವಂತೆ ಮಾಡಿಬಿಟ್ಟರು. ಇಂಥ ಅತಿರೇಕ ಹರಡಿದರೆ ಗ್ರಂಥಪಾಲಕರೆಲ್ಲ ಏನಾದರೂ ಕಲಿತುಬಿಡುವ ಅಪಾಯವಿದೆ. ಆದರೂ ದಯೆಯಿಟ್ಟು ಅವರನ್ನು ಪಟ್ಟಿಗೆ ಮರಳಿ ಸೇರಿಸಬೇಕು. ಅದು ನಿಯಮಕ್ಕೆ ವಿರುದ್ಧವೆಂದಾದರೆ, ಪಟ್ಟಿಯಲ್ಲಿರುವ ಉಳಿದ ಮಾರ್ಗದರ್ಶಕರೆಲ್ಲರನ್ನೂ ಒಂದೊಂದು ಮಳೆಗಾಲ ಒಂದೊಂದು ಗ್ರಂಥಾಲಯದಲ್ಲಿ ಕೂರಿಸಿ, ಅವರೂ ಎಲ್ಲೆ ಮೀರಿದ ಮೇಲೆ ಎಲ್ಲರನ್ನೂ ಒಟ್ಟಿಗೇ ಕೈಬಿಡಬೇಕು. ತಮ್ಮ ಕಚೇರಿಯ ಸಮಯಕ್ಕೆ ಹೊಂದುವಂತೆ ಮಳೆಯನ್ನು ಮಧ್ಯಾಹ್ನದ ಊಟದ ನಂತರ ಇಟ್ಟುಕೊಳ್ಳಲು ನಾವು ಪ್ರಯತ್ನಿಸುತ್ತೇವೆ.

ಈಗಿನ ಪರಿಸ್ಥಿತಿಯನ್ನೂ ತಿಳಿಸಿ ಮುಗಿಸುತ್ತೇನೆ. ಕಟ್ಟಡ ಸಮಿತಿ ಕೊಠಡಿಯನ್ನು ನಮಗೇ ಬಿಟ್ಟಿದೆ. ಸಾವಿತ್ರಮ್ಮನವರು ಸಭೆಗೆ ಹೋಗಿ ಎಲ್ಲರೂ ಒಪ್ಪುವವರೆಗೆ ಕೂತಿದ್ದರು. ಕೆಳಸಾಲಿನ ಪುಸ್ತಕಗಳಲ್ಲಿ ಈ ವರ್ಷ ಒಂದನ್ನೂ ಗೋಣಿಚೀಲಕ್ಕೆ ಹಾಕಲಿಲ್ಲ. ಪ್ರೇಮಕುಮಾರಿ ಇನ್ನೊಂದು ತರಬೇತಿಗೆ ಹೋಗಿದ್ದಾರೆ. ಅವರ ಮಗಳಿಗೆ ಮತ್ತೆ ರಜೆ ಸಿಗಲಿಲ್ಲವಾದ್ದರಿಂದ ನಾನು ಅತ್ತಿಗುಂಡಿಯ ಅವರ ಕುರ್ಚಿಯಲ್ಲಿ ಕೂತು, ಓದುಗರು ಬರುವುದರೊಳಗೆ ಈ ಪತ್ರ ಬರೆಯುತ್ತಿದ್ದೇನೆ. ಕೆಳಗಿನಮಕ್ಕಿಯ ಬಾಗಿಲನ್ನು ಇವತ್ತು ಬೆಳಿಗ್ಗೆ ಪ್ರಸಾದರು ತೆರೆದಿದ್ದಾರೆ. ಯಾರ ಪಟ್ಟಿಯಲ್ಲೂ ಇಲ್ಲದ ಕಾರಣ ಈಗ ಅವರಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ತಮ್ಮ ಎಲ್ಲ ವೆಬಿನಾರುಗಳನ್ನೂ ದೂರದಿಂದಲೇ ಗೌರವಿಸುವ,
ತಮ್ಮ ವಿಶ್ವಾಸಿ,
ಪಂಚಮಿ
ಗ್ರಂಥಪಾಲಕಿ (ಮತ್ತು ತಂಡ)

ವಿ.ಸೂ.: ತಮ್ಮಲ್ಲಿ ಮಾರ್ಗದರ್ಶಕರ ಸ್ಥಾನವೊಂದು ಖಾಲಿಯಾಗಿರುವುದನ್ನು ಕೇಳಿ ಬೊಮ್ಮಯ್ಯನವರು ಅರ್ಜಿ ಹಾಕುವ ಉತ್ಸಾಹದಲ್ಲಿದ್ದಾರೆ. ಗ್ರಂಥಾಲಯದ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲರು, ಒಳಗೆ ಕೂತು ಒಂದು ಪುಸ್ತಕ ಓದಿದ ದಾಖಲೆಯಿಲ್ಲ, ಸದಾ ನೆಟ್‌ವರ್ಕ್ ಇರುವ ಕಡೆಯೇ ಇರುತ್ತಾರೆ. ಆ ಸ್ಥಾನಕ್ಕೆ ತಾವು ಕೇಳಿರುವ ಅರ್ಹತೆಗಳನ್ನು ಓದಿ ನೋಡಿದೆ. ಅವರನ್ನು ಬಿಟ್ಟರೆ ಇಷ್ಟು ಸರಿಯಾಗಿ ಹೊಂದುವವರು ನಮ್ಮ ಕಡೆ ಇನ್ನೊಬ್ಬರಿಲ್ಲ.