ಮಾವನ ಅಂಗಡಿಯ ದೀಪದ ಬೋರ್ಡು

ನಾಲ್ಕು ಜನರೆದುರು ನಾನು ಮುಗ್ಗರಿಸುವುದು ಇಂದು ನಿನ್ನೆಯ ಮಾತಲ್ಲ, ಅದೂ ಚೆನ್ನಾಗಿ ಗೊತ್ತಿದ್ದ ವಿಷಯದಲ್ಲೇ. ಗೊತ್ತಿಲ್ಲದ್ದರಲ್ಲಿ ಎಡವಿದರೆ ಯಾರೂ ನಗುವುದಿಲ್ಲ. ರಾಯಚೂರಿನ ಕಾಲೇಜೊಂದರಲ್ಲಿ ನಿವೃತ್ತಿಯವರೆಗೂ ಎಲೆಕ್ಟ್ರಾನಿಕ್ಸ್ ಕಲಿಸಿದವನು ಎಲೆಕ್ಟ್ರಾನಿಕ್ಸಿನಲ್ಲೇ ಎಡವಿದರೆ ಹೆಂಡತಿಯ ತವರಿನವರು ಬಿಡುತ್ತಾರೆಯೇ? ಈಗ ಪುರುಸೊತ್ತಿದೆ, ಮಾನ ಹೋಗಿಯೂ ಬಹಳ ವರ್ಷವಾಯಿತು. ಹೇಳಿಬಿಡುತ್ತೇನೆ.

ಮದುವೆಯಾದ ಹೊಸತು. ದೇವದುರ್ಗದ ಬಸ್ ಸ್ಟ್ಯಾಂಡ್ ಎದುರು ನಮ್ಮ ಮಾವ ಬಟ್ಟೆ ಅಂಗಡಿ ತೆರೆಯುವವರಿದ್ದರು. ಬೋರ್ಡು ಬರೆಯಲು ಪೇಂಟರ್ ಬಂದು ಬಣ್ಣದ ಡಬ್ಬಿ ಇಳಿಸಿಯೂ ಆಗಿತ್ತು. ನಾನೇ ಅವನನ್ನು ವಾಪಸು ಕಳಿಸಿದೆ.

"ಮಾವಾರ, ಅಕ್ಷರ ಓಡಾಡೋ ದೀಪದ ಬೋರ್ಡು ಮಾಡಿಕೊಡ್ತೀನಿ. ಊರಾಗ ಯಾರ ಅಂಗಡಿಗೂ ಇಲ್ಲ," ಅಂದೆ.

ಮಾವ ಹಿಗ್ಗಿದರು. ನನ್ನ ಷಡ್ಡಕರು, ಅಂದರೆ ಹೆಂಡತಿಯ ಅಕ್ಕನ ಗಂಡ, ಮಾನ್ವಿಯಲ್ಲಿ ಅಕ್ಕಿ ಗಿರಣಿ ಇಟ್ಟವರು. ಅವರು ಮಾತ್ರ "ನೋಡೂಣಂತ ಮಾಸ್ತರ್ರ," ಅಂದರು. ಆ ಒಂದು ಮಾತಿಗಾಗಿಯಾದರೂ ನನ್ನ ಬೋರ್ಡು ನಡೆಯಲೇಬೇಕಿತ್ತು.

೧. ಕಾಯಿ ಒಡೆದ ದಿನ

ಅಕ್ಷರಗಳನ್ನು ರ‍್ಯಾಮ್ ಚಿಪ್ಪಿನಲ್ಲಿ ಇಟ್ಟೆ. ಬೇಕಾದಾಗ ಬರೆಯಬಹುದು, ಬೇಕಾದಾಗ ಬದಲಿಸಬಹುದು. ಒಂದೇ ಕೊರತೆ: ಕರೆಂಟ್ ಇರುವವರೆಗೆ ಮಾತ್ರ ಅದು ಬರೆದದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ, ಕರೆಂಟ್ ಹೋಗಿ ಬಂದರೆ ಒಳಗೆ ಅರ್ಥವಿಲ್ಲದ ಕಸ ತುಂಬಿರುತ್ತದೆ. ಇದನ್ನು ಅದೇ ವಾರ ಕ್ಲಾಸಿನಲ್ಲಿ ಎರಡು ಸಲ ಹೇಳಿ ನೋಟ್ಸ್ ಬರೆಸಿದ್ದೆ. ಬೋರ್ಡಿಗೆ ಬ್ಯಾಟರಿ ಇಡುವುದನ್ನೇ ಮರೆತಿದ್ದೆ.

ಅಂಗಡಿ ತೆರೆಯುವ ದಿನ ಮಾವ ತೆಂಗಿನಕಾಯಿ ಎತ್ತಿದರು, ಕರೆಂಟ್ ಹೋಯಿತು. ಕಾಯಿ ಒಡೆದು ಪೇಢೆ ಹಂಚುವ ಹೊತ್ತಿಗೆ ಬಂತು. ಬೋರ್ಡಿನ ಮೇಲೆ ಅಂಗಡಿಯ ಹೆಸರಿಲ್ಲ, ಸಜ್ಜೆ ಚೆಲ್ಲಿದಂತೆ ಬರೀ ಕೆಂಪು ಚುಕ್ಕಿ.

ಮಾವ ಕನ್ನಡಕ ಒರೆಸಿಕೊಂಡು ನೋಡಿದರು. "ಅಳಿಯಂದ್ರ, ಏನ್ ಬರದೀರಿ ಇದು?"

ನಾನು ಸ್ವಿಚ್ಚು ಆರಿಸಿ ಮತ್ತೆ ಹಚ್ಚಿದೆ. ಷಡ್ಡಕರೇ ಉತ್ತರ ಕೊಟ್ಟರು: "ಸುಮ್ನಿರ್ರಿ ಮಾವಾರ. ಕಾಲೇಜಿನ ಮಂದಿ ಬರದದ್ದು, ನಮಗೆಲ್ಲಿ ತಿಳೀತದ."

೨. ಅಳಿಯದ ಬರಹ

ಈ ಸಲ ಪ್ರಾಮ್ ಎಂಬ ಚಿಪ್ಪು ತಂದೆ. ಅದರೊಳಗೆ ಕೂದಲಿಗಿಂತ ಸಣ್ಣ ಫ್ಯೂಸುಗಳಿರುತ್ತವೆ. ಬೇಕಾದಲ್ಲಿ ಹೆಚ್ಚು ಕರೆಂಟ್ ಕೊಟ್ಟು ಸುಟ್ಟರೆ ಬರೆದಂತೆ. ಆಮೇಲೆ ಕರೆಂಟ್ ಹೋದರೂ ಬರಹ ಹೋಗದು. ಆದರೆ ಸುಟ್ಟ ಫ್ಯೂಸು ಮತ್ತೆ ಕೂಡುವುದಿಲ್ಲ, ತಿದ್ದುವ ಮಾತೇ ಇಲ್ಲ. ಅದಕ್ಕೇ ಏನು ಬರೆಯಲಿ ಅಂತ ಮಾವನನ್ನು ಮೊದಲು ಕೇಳಬೇಕಿತ್ತು. ಕೇಳಲಿಲ್ಲ. ಅಂಗಡಿಯಲ್ಲಿ ಅವತ್ತು ಕಂಡದ್ದು ಧೋತರ, ಟವೆಲ್, ಅಂಗಿಯ ಬಟ್ಟೆ. ಹೆಸರಿನ ಹಿಂದೆ "ಗಂಡಸರ ಬಟ್ಟೆಗಳು ಮಾತ್ರ" ಎಂದು ಸುಟ್ಟುಕೊಂಡು ಹೋಗಿ ಹಚ್ಚಿ ಬಂದೆ.

ಮರುವಾರವೇ ಮಾವ ಇಳಕಲ್ಲಿನಿಂದ ಎರಡು ಗಂಟು ಸೀರೆ ತಂದರು. ಹೆಣ್ಣುಮಕ್ಕಳು ಬಸ್ಸಿಳಿದು ಬರುವರು, ತಲೆಯೆತ್ತಿ ಓದುವರು, ಪಕ್ಕದ ಅಂಗಡಿಗೆ ನಡೆಯುವರು. ಅಳಿಯ ಮಾಡಿಕೊಟ್ಟದ್ದನ್ನು ಆರಿಸುವುದು ಮರ್ಯಾದೆಯಲ್ಲ ಅಂತ ಮಾವ ಬೋರ್ಡು ಆರಿಸಿರಲಿಲ್ಲ. ನಾನು ಹೋದಾಗ ಅವರು ರಸ್ತೆಗೇ ಬಂದು ನಿಂತು ಕರೆಯುತ್ತಿದ್ದರು:

"ಬರ್ರೆವ್ವಾ, ಒಳಗ ಸೀರಿ ಅದಾವು. ಅದನ್ನೇನ್ ಓದ್ತೀರಿ, ಅದು ನಮ್ಮ ಅಳಿಯ ಬರದದ್ದು."

೩. ಕಿಟಕಿಯ ಚೀಟಿ

ಕೊನೆಗೆ ಇಪ್ರಾಮ್. ಈ ಚಿಪ್ಪಿನ ನೆತ್ತಿಯ ಮೇಲೆ ಗಾಜಿನ ಪುಟ್ಟ ಕಿಟಕಿ ಇರುತ್ತದೆ. ಬರೆದದ್ದು ಬೇಡವಾದರೆ ಕಿಟಕಿಗೆ ಅತಿನೇರಳೆ ಬೆಳಕು ಹಿಡಿದು ಅಳಿಸಿ, ಹೊಸದಾಗಿ ಬರೆಯಬಹುದು. ಬಿಸಿಲಿನಲ್ಲೂ ಆ ಬೆಳಕು ಒಂದಿಷ್ಟು ಇರುವುದರಿಂದ, ಬರೆದ ಮೇಲೆ ಕಿಟಕಿಗೆ ಚೀಟಿ ಅಂಟಿಸಿಡಬೇಕು. ಅಂಟಿಸಿದ್ದೆ, ಸುಳ್ಳು ಹೇಳುವುದಿಲ್ಲ. ಸೀರೆ, ಕುಪ್ಪಸ, ಧೋತರ, ಚಾದರ, ಯಾವುದನ್ನೂ ಬಿಡದೆ ಮಾವನನ್ನು ಕೇಳಿಯೇ ಬರೆದಿದ್ದೆ.

ಮಾಳಿಗೆಯ ಮೇಲೆ ಬೋರ್ಡು ಕೂಡಿಸುವಾಗ ಷಡ್ಡಕರು ಹತ್ತಿ ಬಂದರು. "ಮಾಸ್ತರ್ರ, ಇಷ್ಟೂ ಬರಹ ಎಲ್ಲಿ ಅದ, ತೋರಸ್ರಿ."

ಹಿಂಬದಿಯ ತಗಡು ತೆಗೆದೆ, ಚೀಟಿ ಕಿತ್ತೆ, ಕಿಟಕಿ ತೋರಿಸಿದೆ. ಅವರು ಬಗ್ಗಿ ನೋಡಿ "ಭೇಷ್," ಅಂದರು. ಜೀವಮಾನದಲ್ಲಿ ಅವರಿಂದ ಬಂದ ಒಂದೇ ಭೇಷ್. ಆ ಖುಷಿಯಲ್ಲಿ ಚೀಟಿ ಎಲ್ಲಿ ಬಿತ್ತೋ ನೋಡಲಿಲ್ಲ. ಗಾಳಿಯಾಡಲಿ ಅಂತ ತಗಡನ್ನೂ ಮುಚ್ಚಲಿಲ್ಲ. ಏಪ್ರಿಲ್ ತಿಂಗಳು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ.

ಮೇ ಮುಗಿಯುವಾಗ ಹೋದೆ. ಬಸ್ಸಿನಿಂದಲೇ ಕಂಡಿತು: ಒಂದಕ್ಷರವೂ ಇಲ್ಲ, ಬೋರ್ಡು ಈ ತುದಿಯಿಂದ ಆ ತುದಿಗೆ ನಿಗಿನಿಗಿ ಕೆಂಪು. ಇಪ್ರಾಮ್ ಅಳಿಸಿದರೆ ಒಳಗೆಲ್ಲ ಸೊನ್ನೆ ಉಳಿಯುವುದಿಲ್ಲ, ಬರೀ ಒಂದು ಉಳಿಯುತ್ತದೆ. ನನ್ನ ಬೋರ್ಡಿನಲ್ಲಿ ಒಂದು ಅಂದರೆ ದೀಪ ಹಚ್ಚು ಅಂತ.

ಎರಡು ಸಲ ಪಾಠ ಕಲಿತವನು, ಅದೇ ಬರಹದ ಇನ್ನೊಂದು ಚಿಪ್ಪನ್ನು ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದೆ. ತಲೆ ತಗ್ಗಿಸಿ ಒಳಗೆ ಹೋಗಿ, "ಬಿಸಿಲಿಗೆ ಅಳಿಸ್ಯಾದ ಮಾವಾರ, ತಪ್ಪು ನಂದೇ," ಅಂದೆ.

"ಬಿಸಿಲಿಗೆ ಅರಿವಿ ಬಣ್ಣ ಹೋಗೋದು ಕಂಡೀನಿ," ಅಂದರು ಮಾವ, ಸೀರೆ ಮಡಚುತ್ತಾ. "ಓದಿದವರು ಬರದದ್ದೂ ಹೋಗ್ತದ ಅಂತ ಈಗ ಗೊತ್ತಾತು."

"ಹತ್ತು ನಿಮಿಷ ಕೊಡ್ರಿ, ಹೊಸಾದು ಹಾಕ್ತೀನಿ."

ಮಾವ ಮಡಚುವುದನ್ನು ಬಿಟ್ಟು ಎದ್ದರು. ಆಗ ನೋಡಿದೆ, ಅಂಗಡಿ ತುಂಬ ಗಿರಾಕಿಗಳು, ಕಾಲಿಡಲು ಜಾಗವಿರಲಿಲ್ಲ.

"ಬ್ಯಾಡ್ರಿ ಅಳಿಯಂದ್ರ. ಮೊದಲು ಮಂದಿ ಹೊರಗ ನಿಂತು ಪೂರಾ ಓದಿ, ಬಸ್ ಬಂದ್ರ ಹತ್ತಿ ಹೋಗ್ತಿದ್ರು. ಈಗ ಇದೇನ್ ಅಂಗಡಿ ಅಂತ ಕೇಳಾಕ ಒಳಗ ಬರಾಕತ್ಯಾರ. ಕೈ ಮುಗೀತೀನಿ, ಇನ್ನ ಏನೂ ಬರೀಬ್ಯಾಡ್ರಿ."